ಅಟ್ಟದಲ್ಲಿ ಹಳೇ ಸ್ಟೋ, ಗ್ಯಾಸ್ ಜಾಹೀರಾತು ಸಿಕ್ಕಿತಾ? ಮಸಿ ಒರೆಸುವ ಮುಂಚೆ ಇದನ್ನೋದಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಹಳೇ ಮನೆಗಳ ಅಡುಗೆಮನೆ ಒಂದೊಂದಾಗಿ ಹೊಸದಾಗುತ್ತಿದೆ. ಕುಮಟಾ, ಅಂಕೋಲಾ, ಕಾರವಾರದಲ್ಲೂ ಅದೇ ಕತೆ. ಒಲೆ ಒಡೆಯುವ ದಿನವೇ ಅಟ್ಟವೂ ಖಾಲಿಯಾಗುತ್ತದೆ. ಆಗ ಇಲ್ಲಣದ ಜೊತೆ ಕೆಳಗೆ ಬೀಳುವ ಕಸದಲ್ಲಿ ಏನೇನೋ ಇರುತ್ತದೆ. ಪಂಪ್ ಸ್ಟೋ ಮಾರುವ ಅಂಗಡಿಯ ಕ್ಯಾಲೆಂಡರ್, ಚಿಮಣಿ ಎಣ್ಣೆ ಕಂಪನಿಯ ತಗಡಿನ ಬೋರ್ಡು, ಯಾವುದೋ ವಾರಪತ್ರಿಕೆಯಲ್ಲಿ ಬಂದ ಗ್ಯಾಸ್ ಜಾಹೀರಾತು, ಸೌದೆ ಉಳಿಸುವ ಅಸ್ತ್ರ ಒಲೆಯ ಕರಪತ್ರ. ಹೆಚ್ಚಿನವು ಅವತ್ತೇ ಸಂಜೆ ಬಚ್ಚಲೊಲೆಗೆ ಹೋಗುತ್ತವೆ. ಹಾಗೆ ಹೋಗುವ ಮೊದಲು ಏನು ಮಾಡಬಹುದು ಅನ್ನುವುದಕ್ಕೆ ಈ ಬರಹ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಸೌದೆ ಒಲೆಯ ಜಾಹೀರಾತನ್ನೇ ಹುಡುಕಿಕೊಂಡು ಹೊರಟರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಬರಿಗೈಲಿ ವಾಪಸು ಬರುತ್ತೀರಿ. ಅಮೆರಿಕದಲ್ಲೋ ನಾರ್ವೆಯಲ್ಲೋ ಸೌದೆ ಒಲೆ ಅಂದರೆ ಕಾರ್ಖಾನೆಯಲ್ಲಿ ಎರಕ ಹೊಯ್ದ ಕಬ್ಬಿಣದ ಸಾಮಾನು. ಅದನ್ನು ಮಾರಬೇಕಿತ್ತು. ಹಾಗಾಗಿ ಬಣ್ಣದ ಕಾರ್ಡು, ಕ್ಯಾಲೆಂಡರು, ದಪ್ಪ ದಪ್ಪ ಕ್ಯಾಟಲಾಗು ರಾಶಿ ರಾಶಿ ಅಚ್ಚಾದವು. ನಮ್ಮಲ್ಲಿ ಒಲೆ ಮಣ್ಣಿನದು. ಮನೆಯ ಹೆಂಗಸರೇ ಹಾಕಿಕೊಂಡಿದ್ದು, ಸಗಣಿಯಲ್ಲಿ ಸಾರಿಸಿ ಹಬ್ಬಕ್ಕೊಮ್ಮೆ ಶೇಡಿ ಎಳೆದಿದ್ದು. ಮಾರುವವರೇ ಇಲ್ಲ ಅಂದಮೇಲೆ ಜಾಹೀರಾತು ಎಲ್ಲಿಂದ ಬರಬೇಕು?

ನಮ್ಮಲ್ಲಿ ಜಾಹೀರಾತು ಹಾಕಿದವರು ಆ ಒಲೆಯನ್ನು ಓಡಿಸಲು ಬಂದವರು. ಮೊದಲು ಸೀಮೆಎಣ್ಣೆ, ಆಮೇಲೆ ಗ್ಯಾಸ್. ಹಾಗಾಗಿ ಸೌದೆ ಒಲೆಯ ಚರಿತ್ರೆಯನ್ನು ಅದರ ಎದುರಾಳಿಗಳ ಕಾಗದಪತ್ರದಲ್ಲೇ ಹುಡುಕಬೇಕು. ಇನ್ನರ್ಧ ಚರಿತ್ರೆ ಆ ಕಾಗದದ ಮೇಲೆ ಕೂತ ಮಸಿಯಲ್ಲಿದೆ. ಅದಕ್ಕೇ ಮಸಿ ಒರೆಸಬೇಡಿ ಅಂದಿದ್ದು.

ಹಂತ 1: ಎಲ್ಲಿ ಹುಡುಕಬೇಕು

ಗೋಡೆ ಮೇಲೆ ಸಿಗುವುದು ಕಡಿಮೆ. ಟ್ರಂಕಿನ ಮುಚ್ಚಳದ ಒಳಮೈ ನೋಡಿ, ಅಲ್ಲಿ ಕ್ಯಾಲೆಂಡರ್ ಚಿತ್ರ ಅಂಟಿಸುವ ರೂಢಿ ಇತ್ತು. ನಾಗಂದಿಗೆಗೆ, ಗೋಡೆ ಕಪಾಟಿಗೆ ಹಾಸಿದ ಪೇಪರ್ ನೋಡಿ. ಹಳೇ ಶಾಲೆ ಪುಸ್ತಕಗಳಿಗೆ ಹಾಕಿದ ರಟ್ಟು ನೋಡಿ, ಒಳಗಡೆ ತಿರುಗಿಸಿದರೆ ಚಿತ್ರ ಇರುತ್ತದೆ. ಅಡಿಕೆ ಲೆಕ್ಕದ ಖಾತೆ ಪುಸ್ತಕದ ನಡುವೆ ಅಂಗಡಿ ರಸೀದಿಗಳು ಸಿಗುತ್ತವೆ. ಅವುಗಳ ತಲೆಯ ಮೇಲೆ ಅಂಗಡಿಯ ಹೆಸರು, ಯಾವ ಸ್ಟೋವಿನ ಏಜೆನ್ಸಿ ಅನ್ನುವುದು ಅಚ್ಚಾಗಿರುವುದುಂಟು. ತಗಡಿನ ಬೋರ್ಡು ಬೇಕಾದರೆ ಕೊಟ್ಟಿಗೆಗೆ ಹೋಗಿ. ಮಾಡಿನ ತೂತು ಮುಚ್ಚಲು, ಕೋಳಿಗೂಡಿನ ಬಾಗಿಲಿಗೆ ಅದಕ್ಕಿಂತ ಒಳ್ಳೆ ಸಾಮಾನು ಯಾರಿಗೂ ಸಿಕ್ಕಿರಲಿಲ್ಲ.

ನಾಲ್ಕು ಗ್ಯಾಲನ್, ಅಂದರೆ ಸುಮಾರು 18 ಲೀಟರಿನ ಚೌಕ ಸೀಮೆಎಣ್ಣೆ ಡಬ್ಬವನ್ನೂ ಬಿಡಬೇಡಿ. ಬಾಯಿ ಕತ್ತರಿಸಿ, ಕೋಲು ಕಟ್ಟಿ ನೀರು ಹೊರುತ್ತಿದ್ದ ಡಬ್ಬ ಅದೇ. ಅದರ ಮೈಮೇಲೆ ಒತ್ತಿದ ಕಂಪನಿ ಗುರುತೂ ಒಂದು ಜಾಹೀರಾತೇ.

ಹಂತ 2: ಇದ್ದಲ್ಲೇ ಫೋಟೋ

ಕೀಳುವ ಮೊದಲು ಅದು ಇದ್ದ ಜಾಗದ ಸಮೇತ ಒಂದು ಫೋಟೋ ಹೊಡೆಯಿರಿ. ಒಲೆಯಿಂದ ಎಷ್ಟು ದೂರ, ಯಾವ ಗೋಡೆ, ಎಷ್ಟು ಎತ್ತರ ಅನ್ನುವುದು ಕಾಣಲಿ. ಆಮೇಲೆ ಜಗಲಿಗೆ ತಂದು, ನೆರಳಿನ ಬೆಳಕಲ್ಲಿ, ಪಕ್ಕಕ್ಕೊಂದು ಸ್ಕೇಲ್ ಇಟ್ಟು ಮುಂದೆ ಹಿಂದೆ ಎರಡೂ ಕಡೆ ತೆಗೆಯಿರಿ. ಫ್ಲಾಶ್ ಬೇಡ. ಹಿಂಬದಿ ಖಾಲಿ ಇದೆ ಅಂತ ಬಿಡಬೇಡಿ. ಹಾಲಿನ ಲೆಕ್ಕ, ಕೂಲಿ ಲೆಕ್ಕ ಅಲ್ಲೇ ಬರೆದಿರುತ್ತಾರೆ. ಮುಂದೆ ಕಾಲ ಹಚ್ಚುವಾಗ ಅದು ನಿಮ್ಮ ಕೈ ಹಿಡಿಯುತ್ತದೆ.

ಹಂತ 3: ಕಾಲ ಹಚ್ಚುವುದು

ಇದೇ ಇಡೀ ಕೆಲಸದಲ್ಲಿ ಮಜಾ ಇರುವ ಭಾಗ. ವರ್ಷ ಬರೆದಿರುವ ಜಾಹೀರಾತು ಸಿಗುವುದೇ ಕಷ್ಟ. ಆದರೆ ಸುತ್ತಲಿನ ಸಣ್ಣ ಅಕ್ಷರಗಳು ಸುಮ್ಮನಿರುವುದಿಲ್ಲ.

ಮೊದಲು ಬೆಲೆ ನೋಡಿ. ಆಣೆ, ಪೈ ಇದ್ದರೆ ಸಾಮಾನ್ಯವಾಗಿ 1957 ಕ್ಕಿಂತ ಹಿಂದಿನದು. ಆ ವರ್ಷ ಏಪ್ರಿಲ್ 1 ರಿಂದ ನಯೇ ಪೈಸೆ ಬಂತು. 'ನ.ಪೈ.' ಅಂತ ಅಚ್ಚಾಗಿದ್ದರೆ 1957 ರಿಂದ 1964 ರ ನಡುವಿನದು, ಯಾಕೆಂದರೆ 1964 ರ ಜೂನ್‌ನಲ್ಲಿ 'ನಯೇ' ಬಿಟ್ಟು ಬರೀ ಪೈಸೆ ಮಾಡಿದರು. ಏಳೇ ವರ್ಷದ ಕಿಟಕಿ ಇದು. ಇಷ್ಟು ಖಚಿತವಾದ ಗುರುತು ಇನ್ನೊಂದಿಲ್ಲ.

ಆಮೇಲೆ ವಿಳಾಸ. ನಮ್ಮ ಜಿಲ್ಲೆ 1862 ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು, 1956 ರ ನವೆಂಬರ್‌ವರೆಗೆ ಮುಂಬಯಿ ಆಡಳಿತದಲ್ಲೇ ಇತ್ತು. ಕಾರವಾರದ ಹಳೇ ಮನೆಗಳಲ್ಲಿ ಮರಾಠಿ, ಇಂಗ್ಲಿಷ್ ಜಾಹೀರಾತುಗಳು ಜಾಸ್ತಿ ಸಿಗಲು ಇದೇ ಕಾರಣ. ಸಾಮಾನು ಮುಂಬಯಿಂದ ಹಡಗಲ್ಲಿ ಬರುತ್ತಿತ್ತು, ಜೊತೆಗೆ ಕಾಗದವೂ ಬರುತ್ತಿತ್ತು. ನಮ್ಮ ಜಿಲ್ಲೆಯ ವಿಳಾಸದಲ್ಲಿ 'ಮೈಸೂರು ರಾಜ್ಯ' ಅಂತಿದ್ದರೆ 1956 ರಿಂದ 1973 ರ ನಡುವಿನದು ಅನ್ನಿ. 1973 ರ ನವೆಂಬರ್ 1 ರಿಂದ ಕರ್ನಾಟಕ. ಆರಂಕಿಯ ಪಿನ್ ಕೋಡ್ ಇದ್ದರೆ 1972 ರ ಆಗಸ್ಟ್ 15 ರ ನಂತರದ್ದು. ಅದಕ್ಕೂ ಮುಂಚೆ 'ಬಾಂಬೆ 1' ಥರ ಒಂದೋ ಎರಡೋ ಅಂಕಿ ಇರುತ್ತಿತ್ತು. ಇಂಗ್ಲಿಷಿನಲ್ಲಿ ಬಾಂಬೆ ಹೋಗಿ ಮುಂಬೈ ಆಗಿದ್ದು 1995 ರಲ್ಲಿ. ಕನ್ನಡದ ಜಾಹೀರಾತಿಗೆ ಈ ಗುರುತು ಉಪಯೋಗವಿಲ್ಲ, ನಾವು ಮೊದಲಿಂದಲೂ ಮುಂಬಯಿ ಅಂತಲೇ ಬರೆಯುತ್ತಿದ್ದೆವಲ್ಲ.

ಕಂಪನಿ ಹೆಸರೂ ಕಾಲ ಹೇಳುತ್ತದೆ. ಬರ್ಮಾ-ಶೆಲ್ ಹುಟ್ಟಿದ್ದು 1928 ರಲ್ಲಿ, ಸರ್ಕಾರ ಅದನ್ನು ವಹಿಸಿಕೊಂಡಿದ್ದು 1976 ರಲ್ಲಿ, ಆಮೇಲೆ ಅದು ಭಾರತ್ ಪೆಟ್ರೋಲಿಯಂ ಆಯಿತು. ಎಸ್ಸೋ ಅಂತಿದ್ದರೆ ಹಿಂದೂಸ್ತಾನ್ ಪೆಟ್ರೋಲಿಯಂ ಆಗುವ ಮೊದಲಿನದು, ಅಂದರೆ 1974 ಕ್ಕಿಂತ ಹಿಂದೆ. ಇಂಡೇನ್ ಹೆಸರಿದ್ದರೆ 1965 ರ ನಂತರ. ಇಂಡಿಯನ್ ಆಯಿಲ್‌ನವರ ನೂತನ್ ಬತ್ತಿ ಸ್ಟೋ ಇದ್ದರೆ 1977 ರಿಂದೀಚೆಗೆ. ಐಎಸ್‌ಐ ಮುದ್ರೆ ಕಂಡರೆ ಅದು ಸ್ವಾತಂತ್ರ್ಯದ ನಂತರದ್ದು ಅಂತ ಕಣ್ಣುಮುಚ್ಚಿ ಹೇಳಬಹುದು, ಆ ಸಂಸ್ಥೆಯೇ ಶುರುವಾಗಿದ್ದು 1947 ರಲ್ಲಿ.

ಕ್ಯಾಲೆಂಡರಿನ ವರ್ಷ ಹರಿದುಹೋಗಿದೆ, ತಿಂಗಳ ಹಾಳೆ ಮಾತ್ರ ಉಳಿದಿದೆ ಅಂತಿಟ್ಟುಕೊಳ್ಳಿ. ತಾರೀಕಿಗೆ ಯಾವ ವಾರ ಬಂದಿದೆ ನೋಡಿ. 1957, 1963, 1974 ಮೂರೂ ಮಂಗಳವಾರ ಶುರುವಾದ ವರ್ಷಗಳು, ಮೂರರಲ್ಲೂ ತಾರೀಕು-ವಾರ ಒಂದೇ. ಆಗ ಗೊಂದಲ ಆಗುತ್ತೆ, ಅಲ್ವಾ? ಚೌತಿ, ದೀಪಾವಳಿ, ಏಕಾದಶಿ ಯಾವ ತಾರೀಕಿಗೆ ಅಚ್ಚಾಗಿದೆ ನೋಡಿ. ತಿಥಿ ಆ ವರ್ಷಗಳಲ್ಲಿ ಒಂದೆರಡು ದಿನವಾದರೂ ಹಿಂದೆಮುಂದೆ ಆಗಿಯೇ ಇರುತ್ತದೆ. ಹಳೇ ಪಂಚಾಂಗ ಇಟ್ಟುಕೊಂಡಿರುವ ಭಟ್ಟರು ಊರಿಗೊಬ್ಬರಾದರೂ ಇದ್ದಾರೆ. ಒಂದು ಲೋಟ ಚಾ ಕುಡಿಯುವಷ್ಟರಲ್ಲಿ ವರ್ಷ ಹೇಳಿಬಿಡುತ್ತಾರೆ.

ಹಂತ 4: ಅಸಲಿಯೋ ನಕಲಿಯೋ

ಮನೆಯಲ್ಲೇ ಸಿಕ್ಕಿದ್ದಾದರೆ ಈ ತಲೆನೋವಿಲ್ಲ. ಕೊಳ್ಳುವವರಿಗೆ ಮಾತ್ರ. ಗೋಕರ್ಣದಿಂದ ಕಾರವಾರದವರೆಗೆ ಹೋಂಸ್ಟೇ ಗೋಡೆಗಳಲ್ಲಿ ತುಕ್ಕು ಹಿಡಿದ ಇಂಗ್ಲಿಷ್ ಬೋರ್ಡು ನೇತಾಡುತ್ತಿರುತ್ತದೆ. ಎಷ್ಟೋ ಕಡೆ ಅದು ಹೊಸದಾಗಿ ತುಕ್ಕು ಹಿಡಿಸಿದ್ದು. (ಅದೇ ಮನೆಯ ಹಿಂದಿನ ನಿಜವಾದ ಒಲೆಯನ್ನು ಪಾರ್ಕಿಂಗಿಗೆ ಅಂತ ಒಡೆದಿರುತ್ತಾರೆ, ಅದು ಬೇರೆ ಮಾತು.)

ಎನಾಮಲ್ ಬೋರ್ಡು ಅಂದರೆ ಕಬ್ಬಿಣದ ತಗಡಿನ ಮೇಲೆ ಗಾಜಿನ ಪುಡಿ ಕರಗಿಸಿ ಕೂರಿಸಿದ್ದು. ಬಣ್ಣ ಬಣ್ಣಕ್ಕೆ ಒಂದೊಂದು ಪದರ, ಬೆರಳು ಆಡಿಸಿದರೆ ಅಂಚು ಗೊತ್ತಾಗುತ್ತದೆ. ಅದು ಚಕ್ಕೆ ಏಳುವುದು ಮೊಳೆ ತೂತಿನ ಸುತ್ತ, ಮೂಲೆಗಳಲ್ಲಿ. ಇಡೀ ಮೈಮೇಲೆ ಒಂದೇ ಹದದಲ್ಲಿ ತುಕ್ಕು ಚಿಮುಕಿಸಿದಂತಿದ್ದರೆ ದುಡ್ಡು ಜೇಬಲ್ಲೇ ಇರಲಿ. ಕಾಗದಕ್ಕಾದರೆ ಭೂತಗನ್ನಡಿ ಹಿಡಿಯಿರಿ. ಕಲ್ಲಚ್ಚಿನ ಹಳೇ ಚಿತ್ರದಲ್ಲಿ ಬಣ್ಣ ಒರಟು ಹರಳಿನಂತೆ, ಚುಕ್ಕೆ ಅಡ್ಡಾದಿಡ್ಡಿಯಾಗಿ ಕಾಣುತ್ತದೆ. ಆಮೇಲಿನ ಆಫ್‌ಸೆಟ್ ಅಚ್ಚಿನಲ್ಲಿ ಚುಕ್ಕೆಗಳು ಸಾಲು ಸಾಲಾಗಿ ಕೂತಿರುತ್ತವೆ. ಕಂಪ್ಯೂಟರ್ ಪ್ರಿಂಟರಿನದು ತುಂತುರು ಸಿಂಪಡಿಸಿದ ಹಾಗೆ.

100 ವರ್ಷ ದಾಟಿದ ಸಾಮಾನನ್ನು ಹೊರದೇಶದವರಿಗೆ ಮಾರುವ ಯೋಚನೆ ಇದ್ದರೆ 1972 ರ ಪ್ರಾಚ್ಯವಸ್ತು ಕಾನೂನು ಇದೆ. ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಹಂತ 5: ಜಾಹೀರಾತನ್ನು ಉಲ್ಟಾ ಓದುವುದು

ಜಾಹೀರಾತು ಮಾರುವ ಸಾಮಾನನ್ನು ಹೊಗಳುತ್ತದೆ. ಆ ಹೊಗಳಿಕೆಯನ್ನು ತಿರುಗಿಸಿದರೆ ಹಳೇ ಒಲೆಯ ವರ್ಣನೆ ಸಿಗುತ್ತದೆ. 'ಹೊಗೆಯಿಲ್ಲ' ಅಂದರೆ ಆವತ್ತಿನವರೆಗೆ ಹೊಗೆ ಇತ್ತು. 'ಪಾತ್ರೆ ಕಪ್ಪಾಗದು' ಅಂದರೆ ತಳ ತಿಕ್ಕಿ ತಿಕ್ಕಿ ಯಾರದೋ ಉಗುರು ಸವೆದಿತ್ತು. 'ಬೇಕಾದಾಗ ಉರಿ, ಬೇಡವಾದಾಗ ಆರಿಸಿ' ಅಂದರೆ ಕೆಂಡವನ್ನು ಬೂದಿಯಡಿ ಮುಚ್ಚಿ ಬೆಳಗಿನವರೆಗೆ ಕಾಯುವ ಕೆಲಸ ಒಂದಿತ್ತು.

ಮಾತಿಗಿಂತ ಚಿತ್ರ ಇನ್ನೂ ಹೆಚ್ಚು ಹೇಳುತ್ತದೆ. ನೋಡಬೇಕಾದ್ದು ಒಂದೇ: ಹೆಂಗಸು ಕೂತಿದ್ದಾಳೋ, ನಿಂತಿದ್ದಾಳೋ? ಪಂಪ್ ಸ್ಟೋ ನೆಲದ ಮೇಲಿಟ್ಟೇ ಉರಿಸುವಂಥದ್ದು. ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ 1892 ರಲ್ಲಿ ತಯಾರಿಸಿದ ಪ್ರೈಮಸ್ ಸ್ಟೋವಿನ ವಂಶದ್ದೇ ಇವೆಲ್ಲ. ಗಾಳಿ ಒತ್ತಿ ಎಣ್ಣೆಯನ್ನು ಆವಿ ಮಾಡಿ ಉರಿಸುವುದು ಅದರ ಗುಟ್ಟು. ಅದರ ಮುಂದೆ ಮಣೆ ಹಾಕಿ ಕೂತೇ ಅಡುಗೆ ಮಾಡಬಹುದಿತ್ತು, ಸೌದೆ ಒಲೆಯ ಮುಂದೆ ಕೂತ ಹಾಗೆಯೇ. ಗ್ಯಾಸ್ ಜಾಹೀರಾತಿನ ಹೆಂಗಸು ಮಾತ್ರ ನಿಂತಿದ್ದಾಳೆ. ಗ್ಯಾಸಿನ ಜೊತೆ ಕಟ್ಟೆ ಬಂತು, ಕಟ್ಟೆಯ ಜೊತೆ ಸಿಂಕ್ ಬಂತು, ಊದುಗೊಳವೆ ಮೂಲೆ ಸೇರಿತು. ಅಡುಗೆಮನೆ ನೆಲದಿಂದ ಮೊಣಕೈ ಎತ್ತರಕ್ಕೆ ಎದ್ದ ಕತೆ ಈ ಚಿತ್ರಗಳಲ್ಲಿ ಸಾಲಾಗಿ ಸಿಗುತ್ತದೆ.

ಟ್ರಂಕಿನ ಮುಚ್ಚಳದಿಂದ ಬಿಡಿಸಿದ ಒಂದು ಹಾಳೆ ನನ್ನ ಬಳಿ ಇದೆ. ಗ್ಯಾಸ್ ಏಜೆನ್ಸಿಯ ಕ್ಯಾಲೆಂಡರಿನ ಮೇಲರ್ಧ. ನೀಲಿ ಸೀರೆಯ ಹೆಂಗಸು, ತಲೆಗೆ ಮಲ್ಲಿಗೆ, ಪಕ್ಕದಲ್ಲಿ ಕೆಂಪು ಸಿಲಿಂಡರ್, ಗೋಡೆಯಲ್ಲೊಂದು ಗಡಿಯಾರ. ಹಾಳೆಯ ಮೇಲ್ಭಾಗ ಮಾತ್ರ ಜೇನುಬಣ್ಣಕ್ಕೆ ತಿರುಗಿದೆ, ಬೆರಳಿಟ್ಟರೆ ಅಂಟಂಟು. ಮೊಳೆಯ ಸುತ್ತ ತುಕ್ಕಿನ ಉಂಗುರ, ಅದರಾಚೆ ಮಸಿ. ಟ್ರಂಕಿನೊಳಗೆ ಮೊಳೆಯಿಲ್ಲ, ಹೊಗೆಯೂ ಇಲ್ಲ. ಅಂದರೆ ಟ್ರಂಕು ಸೇರುವ ಮೊದಲು ಅದು ಅಡುಗೆಮನೆ ಗೋಡೆಯಲ್ಲಿತ್ತು, ಅದರ ಕೆಳಗೆ ಸೌದೆ ಒಲೆ ವರ್ಷಗಟ್ಟಲೆ ಉರಿಯುತ್ತಲೇ ಇತ್ತು. 'ಹೊಗೆಯಿಲ್ಲದ ಅಡುಗೆಮನೆ' ಅನ್ನುವ ಸಾಲಿನ ಮೇಲೆಯೇ ಹೊಗೆ ಕೂತಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟಿದ್ದರೆ ಬರೀ ಚಂದದ ಚಿತ್ರ ಉಳಿಯುತ್ತಿತ್ತು.

ಜಾಹೀರಾತಿನ ಮಾತನ್ನು ಪರೀಕ್ಷೆ ಮಾಡದೆ ನಂಬಬಾರದು ಅನ್ನುವುದಕ್ಕೆ ಒಲೆಯ ಚರಿತ್ರೆಯಲ್ಲೇ ಒಳ್ಳೊಳ್ಳೆ ಸಾಕ್ಷಿ ಇದೆ. 1744 ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ತಾನು ರೂಪಿಸಿದ ಕಬ್ಬಿಣದ ಸೌದೆ ಒಲೆ ಬಗ್ಗೆ ಒಂದು ಕಿರುಪುಸ್ತಕ ಅಚ್ಚು ಹಾಕಿಸಿದ. ತೆರೆದ ಬೆಂಕಿಗೂಡು ತಣ್ಣನೆ ಗಾಳಿ ಎಳೆಯುತ್ತದೆ, ಮನೆಯೊಳಗೇ ಇರುವ ಹೆಂಗಸರಿಗೆ ನೆಗಡಿ ಬರುತ್ತದೆ, ಹಲ್ಲು ಬೇಗ ಹಾಳಾಗುತ್ತದೆ ಅಂತೆಲ್ಲ ಬರೆದಿದ್ದ. ಪೇಟೆಂಟ್ ಕೊಡುತ್ತೇವೆ ಅಂದರೂ ಬೇಡ ಅಂದ, ಅದು ದೊಡ್ಡ ಮನಸ್ಸು. ಆದರೆ ಹೊಗೆ ಕೆಳಗಿಳಿದು ಮತ್ತೆ ಮೇಲೇರಬೇಕಾದ ಆ ಒಲೆಯಲ್ಲಿ ಎಳೆತ ಸರಿಬರಲಿಲ್ಲ. ಮುಂದೆ ಬೇರೆಯವರು ಬದಲಿಸಿಕೊಂಡ ಮೇಲೇ ಅದು ಓಡಿದ್ದು. ಪುಸ್ತಕ ಒಲೆಗಿಂತ ಚೆನ್ನಾಗಿತ್ತು ಅನ್ನಬೇಕು.

ಇನ್ನೊಂದು ಡೆಟ್ರಾಯ್ಟಿನದು. ಅಲ್ಲಿನ ಮಿಷಿಗನ್ ಸ್ಟೋವ್ ಕಂಪನಿ 1893 ರ ಶಿಕಾಗೋ ಪ್ರದರ್ಶನಕ್ಕೆ 25 ಅಡಿ ಎತ್ತರದ ಗಾರ್ಲೆಂಡ್ ಒಲೆಯೊಂದನ್ನು ನಿಲ್ಲಿಸಿತು. ತೂಕ ಸುಮಾರು 15 ಟನ್. ನೋಡಿದವರಿಗೆ ಕಬ್ಬಿಣವೇ, ನಿಜಕ್ಕೆ ಓಕ್ ಮರ ಕೆತ್ತಿ ಬಣ್ಣ ಬಳಿದಿದ್ದು. ಒಲೆಯ ಜಾಹೀರಾತೇ ಸೌದೆಯಿಂದ ಮಾಡಿದ್ದು! 2011 ರಲ್ಲಿ ಸಿಡಿಲು ಬಡಿದು ಸುಟ್ಟುಹೋಯಿತು.

ಹಂತ 6: ಅಸ್ತ್ರ ಒಲೆಯ ಕಾಗದ ಸಿಕ್ಕರೆ ಬಿಡಬೇಡಿ

ನಮ್ಮಲ್ಲಿ ಸೌದೆ ಒಲೆಗೇ ಪ್ರಚಾರ ಸಿಕ್ಕ ಕಾಲ ಒಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974 ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳ್ತನದಲ್ಲಿ 'ಅಸ್ತ್ರ' ಶುರುವಾಯಿತು, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ಅದರ ಕೆಲಸ. ಅಲ್ಲಿಂದ ಬಂದಿದ್ದೇ ಅಸ್ತ್ರ ಒಲೆ. ಸೌದೆಯಡಿ ಗಾಳಿ ಹೋಗಲು ಜಾಲರಿ, ಬಿಸಿ ಹೊಗೆ ಒಂದಾದ ಮೇಲೊಂದು ಮೂರು ಪಾತ್ರೆಯ ತಳ ಸವರಿ ಹೊಗೆಕೊಳವೆಯಿಂದ ಹೊರಗೆ. 1983 ರಲ್ಲಿ ಕೇಂದ್ರ ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮ ಬಂತು, ಅದು 2002 ರವರೆಗೆ ನಡೆಯಿತು. ಅದೇ 1983 ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಕಳಾಸೆ ಕಾಡಿನಲ್ಲಿ ಮರ ಕಡಿಯುವುದನ್ನು ತಡೆಯಲು ಮರ ತಬ್ಬಿ ನಿಂತರು, ಅದೇ ಅಪ್ಪಿಕೋ ಚಳವಳಿ. 'ಉಳಿಸು, ಬೆಳೆಸು, ಬಳಸು' ಅಂದ ಅಪ್ಪಿಕೋದವರು ಸೌದೆ ಉಳಿಸುವ ಒಲೆ ಕಟ್ಟಿಸುವ ಕೆಲಸವನ್ನೂ ಕೈಗೆತ್ತಿಕೊಂಡರು.

ಹಾಗಾಗಿ ಆ ಕಾಲದ ಕರಪತ್ರ, ಒಲೆಯ ನಕ್ಷೆ, ಸಬ್ಸಿಡಿ ಚೀಟಿ ಯಾವುದು ಸಿಕ್ಕರೂ ಎತ್ತಿಡಿ. ಬಣ್ಣ ಇರುವುದಿಲ್ಲ, ಕಾಗದವೂ ಕಳಪೆ, ಸೈಕ್ಲೋಸ್ಟೈಲ್ ಮಾಡಿದ್ದೂ ಇರಬಹುದು. ಅಂಥದ್ದೇ ಮೊದಲು ಕಸದ ಬುಟ್ಟಿಗೆ ಹೋಗುವುದು. ನನ್ನನ್ನು ಕೇಳಿದರೆ ಹತ್ತು ಎನಾಮಲ್ ಬೋರ್ಡಿಗಿಂತ ಆ ಒಂದು ಹಾಳೆ ದೊಡ್ಡದು.

ಕರಪತ್ರ ಹಿಡಿದು ಒಲೆಯ ಹತ್ತಿರವೇ ಹೋಗಿ. ಅದು ಇನ್ನೂ ಇದ್ದರೆ ಅಳೆಯಿರಿ. ಜಾಲರಿ ಇದೆಯೋ ಕಿತ್ತು ಹಾಕಿದ್ದಾರೋ? ದೊಡ್ಡ ಸೌದೆ ಕುಂಟೆ ತುರುಕಲು ಬಾಯಿ ಅಗಲ ಮಾಡಿದ್ದಾರೋ? ಮೂರನೇ ಪಾತ್ರೆಯ ಜಾಗಕ್ಕೆ ಮುಚ್ಚಳ ಬಿದ್ದಿದೆಯೋ? ಕರಪತ್ರದ ಲೆಕ್ಕ ಒಂದು, ಮನೆಯ ರೂಢಿ ಇನ್ನೊಂದು. ಎರಡರ ನಡುವಿನ ವ್ಯತ್ಯಾಸವನ್ನು ಬರೆದಿಡಿ. ಚಿರೆಕಲ್ಲೋ, ಮಣ್ಣೋ, ಸಿಮೆಂಟೋ, ಕೋಡೊಲೆ ಇತ್ತೋ ಇಲ್ಲವೋ ಅನ್ನುವುದೂ ಬರಲಿ. ಬಚ್ಚಲ ಹಂಡೆ ಒಲೆ, ಅಡಿಕೆ ಬೇಯಿಸುವ ಒಲೆಗಳನ್ನು ಮರೆಯಬೇಡಿ. ಗ್ಯಾಸ್ ಬಂದು ಎಷ್ಟೋ ವರ್ಷವಾದ ಮನೆಗಳಲ್ಲೂ ಅವೆರಡು ಇವತ್ತಿಗೂ ಸೌದೆಯಲ್ಲೇ ಉರಿಯುತ್ತಿವೆ. ಯಾವ ಜಾಹೀರಾತೂ ಅಲ್ಲಿವರೆಗೆ ತಲುಪಲಿಲ್ಲ.

ಹಂತ 7: ಹಿರಿಯರನ್ನು ಕೇಳುವುದು

'ಆಯಿ, ಗ್ಯಾಸು ಯಾವ ಇಸವಿಯಲ್ಲಿ ಬಂತು?' ಅಂತ ಕೇಳಿದರೆ 'ಯಾವಾಗ್ಲೋ ಬಂತಪ್ಪ' ಅಂತಲೇ ಉತ್ತರ. ಹಾಗೆ ಕೇಳಬೇಡಿ. 'ತಮ್ಮನ ಬಾಳಂತನದಲ್ಲಿ ನೀರು ಕಾಯಿಸಿದ್ದು ಯಾವುದರ ಮೇಲೆ? ಅಕ್ಕನ ಮದುವೆಗೆ ಸ್ಟೋ ಇತ್ತಾ?' ಅಂತ ಕೇಳಿ. ಮಕ್ಕಳು ಹುಟ್ಟಿದ ವರ್ಷ ಎಲ್ಲರಿಗೂ ನೆನಪಿರುತ್ತದೆ. ಜಾಹೀರಾತನ್ನು ಕೈಗೆ ಕೊಟ್ಟು ಸುಮ್ನೆ ಕೂತುಕೊಳ್ಳಿ. ಸ್ಟೋ ಪಿನ್ನಿಗೆ ಪೇಟೆಗೆ ಓಡಿದ್ದು, ಸಿಲಿಂಡರ್ ಸಿಡಿಯುತ್ತದೆಂದು ಅಜ್ಜಿ ಒಳಗೇ ಬಿಟ್ಟುಕೊಳ್ಳದ್ದು, ಮಡಿ ಅಡುಗೆಗೆ ಗ್ಯಾಸ್ ಆಗುತ್ತೋ ಇಲ್ಲವೋ ಎಂಬ ಚರ್ಚೆ, ಎಲ್ಲ ತಾನಾಗಿ ಹೊರಬರುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡುವುದಾದರೆ ಹೇಳಿಯೇ ಮಾಡಿ.

ಹಂತ 8: ಶುಚಿ ಮಾಡುವುದು, ಇಡುವುದು

ಕಾಗದಕ್ಕೆ ನೀರು ತಾಗಿಸಬೇಡಿ. ಒಲೆ ಮಸಿಯಲ್ಲಿ ಜಿಡ್ಡು ಇರುತ್ತದೆ, ಒದ್ದೆ ಮಾಡಿದರೆ ಹರಡಿಕೊಂಡು ಒಳಗಿಳಿಯುತ್ತದೆ. ಮೃದು ಬ್ರಷ್‌ನಲ್ಲಿ, ನಡುವಿನಿಂದ ಅಂಚಿನ ಕಡೆಗೆ, ಸಡಿಲ ಧೂಳು ಮಾತ್ರ ಹಾರಿಸಿ. ಅಂಟಿದ ಮಸಿ ಅಲ್ಲೇ ಇರಲಿ. ಸೆಲ್ಲೋಟೇಪ್, ಫೆವಿಕಾಲ್ ಯಾವುದೂ ಬೇಡ. ಲ್ಯಾಮಿನೇಷನ್ ಅಂತೂ ಮಾಡಿಸಲೇಬೇಡಿ, ಒಮ್ಮೆ ಬಿಸಿ ಪ್ಲಾಸ್ಟಿಕ್ಕು ಹತ್ತಿದರೆ ಬಿಡಿಸಲು ಆಗುವುದಿಲ್ಲ. ಮಡಿಕೆಯನ್ನು ಬಲವಂತವಾಗಿ ಬಿಡಿಸಿದರೆ ಅಲ್ಲೇ ಮುರಿಯುತ್ತದೆ.

ತಗಡಿನ ಬೋರ್ಡು ಕಂಡ ತಕ್ಷಣ ಮನೆಯಲ್ಲಿ ಯಾರಾದರೂ ಹುಣಸೆಹಣ್ಣು, ಬೂದಿ ತೆಗೆದುಕೊಂಡು ಬರುತ್ತಾರೆ. ತಡೆಯಿರಿ. ಹುಳಿ ಎನಾಮಲ್ಲಿನ ಹೊಳಪನ್ನೂ ಚಕ್ಕೆ ಎದ್ದ ಜಾಗದ ಕಬ್ಬಿಣವನ್ನೂ ತಿನ್ನುತ್ತದೆ, ಬೂದಿ ಗೀರು ಹಾಕುತ್ತದೆ. ತೆಳು ಸೋಪುನೀರಿನ ಮೆತ್ತನೆ ಬಟ್ಟೆ ಸಾಕು, ಒರೆಸಿ ತಕ್ಷಣ ಒಣಗಿಸಿ. ತೆಂಗಿನೆಣ್ಣೆ ಹಚ್ಚಿದರೆ ಎರಡು ದಿನ ಹೊಳೆಯುತ್ತದೆ, ಆಮೇಲೆ ಧೂಳು ಹಿಡಿದು ಕಮಟು ವಾಸನೆ ಬರುತ್ತದೆ. ಹಚ್ಚಲೇಬೇಕಿದ್ದರೆ ಬಣ್ಣವಿಲ್ಲದ ಮೇಣ, ತೆಳ್ಳಗೆ.

ನಮ್ಮ ಕಡೆ ದೊಡ್ಡ ಶತ್ರು ಮಳೆಗಾಲ. ಬೂಷ್ಟು, ಒರಲೆ, ಕಾಗದ ತಿನ್ನುವ ಬೆಳ್ಳಿಬಣ್ಣದ ಹುಳ ಮೂರೂ ಜೂನ್‌ನಿಂದ ಕೆಲಸ ಶುರುಮಾಡುತ್ತವೆ. ಆಮ್ಲ ಇಲ್ಲದ ಕಾಗದ ಫೋಟೋ ಅಂಗಡಿಯಲ್ಲೋ ಆನ್‌ಲೈನಿನಲ್ಲೋ ಸಿಗುತ್ತದೆ, ಅದರ ನಡುವೆ ಹಾಳೆಗಳನ್ನು ಚಪ್ಪಟೆಯಾಗಿಟ್ಟು ಬಿಗಿ ಮುಚ್ಚಳದ ಡಬ್ಬದಲ್ಲಿ ಹಾಕಿ. ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇರಲಿ. ಡಬ್ಬ ಹೊರಗೋಡೆಗೆ ತಾಗಿರಬಾರದು, ನೆಲದ ಮೇಲೂ ಬೇಡ. ಜುಲೈ, ಆಗಸ್ಟಿನಲ್ಲಿ ನೆಂಟರು ಬಂದರೆಂದು ತೆರೆದು ತೋರಿಸಬೇಡಿ, ಫೋಟೋ ತೋರಿಸಿ.

ಪ್ರತಿ ಹಾಳೆಗೂ ಬೇರೆ ಚೀಟಿಯಲ್ಲಿ, ಪೆನ್ಸಿಲ್‌ನಲ್ಲಿ ಬರೆದಿಡಿ: ಯಾವ ಊರು, ಮನೆಯ ಯಾವ ಜಾಗ, ಸಿಕ್ಕ ದಿನ, ನೀವು ಹಚ್ಚಿದ ಕಾಲ, ಯಾವ ಗುರುತಿನಿಂದ ಹಚ್ಚಿದ್ದು. ಪೆನ್ ಬೇಡ, ಶಾಯಿ ಹರಡಬಹುದು. ದಸರೆಯ ಹೊತ್ತಿಗೆ ಮಳೆ ಬಿಟ್ಟ ಮೇಲೆ ಡಬ್ಬ ತೆರೆದು ಒಂದೊಂದೇ ಹಾಳೆ ನೋಡಿ. ಬೂಷ್ಟು ಕಂಡಿದ್ದನ್ನು ಬೇರೆ ಇಡಿ, ಬಿಸಿಲಿಗೆ ಹಾಕದೆ ಗಾಳಿಯಾಡುವ ನೆರಳಲ್ಲಿ ಅರ್ಧ ದಿನ ಆರಲು ಬಿಡಿ. ಬಣ್ಣ ತಿರುಗಿದ ಸಿಲಿಕಾ ಪೊಟ್ಟಣ ಬದಲಿಸಿ ಮತ್ತೆ ಮುಚ್ಚಿ.